13ನೇ ಮನೆಗೆ ಹೆಸರು ಬಂತು: ವಂಶಾವಳಿ ಕೆಲಸದ ಮೂರನೆಯ ವರ್ಷ

ಈ ತಿಂಗಳು ಒಂದು ಹೆಸರು ಸೇರಿದೆ, ಎರಡು ದಾಖಲೆಗಳು ಜಾಗ ಬದಲಿಸಿವೆ. ಲೆಕ್ಕಕ್ಕೆ ಸಿಗುವುದು ಇಷ್ಟೇ. ಆದರೂ ಮೂರು ವರ್ಷಗಳಲ್ಲಿ ನನಗೆ ಇಷ್ಟು ಸಂತೋಷ ಕೊಟ್ಟ ತಿಂಗಳು ಇನ್ನೊಂದಿಲ್ಲ.

ನನ್ನ ಪಟ್ಟಿಯಲ್ಲಿ ಹಿರಿಯರಿಗೆಲ್ಲ ಸಂಖ್ಯೆಗಳಿವೆ. ನಾನು 1, ತಂದೆ 2, ತಾಯಿ 3. ಯಾರ ಸಂಖ್ಯೆಯನ್ನಾದರೂ ಇಮ್ಮಡಿಸಿದರೆ ಅವರ ತಂದೆಯ ಸಂಖ್ಯೆ. ಅದಕ್ಕೆ ಒಂದು ಕೂಡಿಸಿದರೆ ತಾಯಿಯದು. 1590ರಷ್ಟು ಹಿಂದೆಯೇ ಆಸ್ಟ್ರಿಯಾದ ಇತಿಹಾಸಕಾರ ಮೈಕೇಲ್ ಐಟ್ಸಿಂಗರ್ ಬಳಸಿದ ಕ್ರಮ ಇದು. ಹೆಸರು ತಿಳಿಯದವರಿಗೂ ಇಲ್ಲಿ ಒಂದು ಮನೆ ಮೊದಲೇ ಕಾದಿರುತ್ತದೆ ಎಂಬುದಕ್ಕೇ ನಾನು ಇದನ್ನು ಮೆಚ್ಚಿಕೊಂಡಿದ್ದೇನೆ. ಮುತ್ತಜ್ಜ ಮುತ್ತಜ್ಜಿಯರ ಸಾಲು 8ರಿಂದ 15. ಅದರಲ್ಲಿ 13 ಮಾತ್ರ ಮೂರು ವರ್ಷ ಖಾಲಿ ಇತ್ತು. ಆಕೆ ನನ್ನ ತಾಯಿಯ ತಂದೆಯ ತಾಯಿ.

ಅವರನ್ನು ಹುಡುಕುವ ಮೊದಲು ಅವರ ಗಂಡನ, ಅಂದರೆ 12ರ, ಕಡತವನ್ನು ಸರಿಪಡಿಸಬೇಕಾಯಿತು. ಕಳೆದ ವರ್ಷ ಒಂದೇ ಹೆಸರಿನ, ಒಂದೇ ಊರಿನ ಎರಡು ನಮೂದುಗಳು ಸಿಕ್ಕಾಗ ಇಬ್ಬರೂ ಒಬ್ಬರೇ ಎಂದುಕೊಂಡು ವಿಲೀನ ಮಾಡಿಬಿಟ್ಟಿದ್ದೆ. ಈ ತಿಂಗಳು ಪ್ರತಿ ಘಟನೆಯ ಪಕ್ಕದಲ್ಲಿ ಆಗಿನ ವಯಸ್ಸನ್ನು ಬರೆಯುತ್ತಾ ಹೋದೆ. ಒಂದು ಕರಾರು ಪತ್ರಕ್ಕೆ ಸಹಿ ಹಾಕುವಾಗ 12ಕ್ಕೆ ಆರು ವರ್ಷ! ಹಳೆಯ ಕಾಗದಗಳಲ್ಲಿ ವಯಸ್ಸು ಹೆಚ್ಚುಕಡಿಮೆ ಆಗುವುದು ಸಹಜವೇ. 1841ರ ಇಂಗ್ಲೆಂಡಿನ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂದು ಸೂಚನೆಯೇ ಇತ್ತು. 39 ಆದವರು ದಾಖಲೆಯಲ್ಲಿ 35 ಆಗುತ್ತಿದ್ದರು. ಆದರೆ ಆರು ವರ್ಷದ ಮಗುವಿನ ಸಹಿಯನ್ನು ಯಾವ ಸಡಿಲಿಕೆಯೂ ವಿವರಿಸುವುದಿಲ್ಲ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಸಹಿ ಹಾಕಿದ್ದು 12ರ ಅಜ್ಜ, ಅಂದರೆ 48.

ಬೆಸೆದದ್ದನ್ನು ಬಿಡಿಸಲು ಮೂರು ಸಂಜೆ ಹಿಡಿಯಿತು. ವಂಶಾವಳಿ ಬರೆದಿಡಲು ನಾನು ಬಳಸುವುದು ಗ್ರಾಂಪ್ಸ್ ಎಂಬ ಮುಕ್ತ ತಂತ್ರಾಂಶ. ವಿಲೀನಕ್ಕೂ ಹಿಂದಿನ ಬ್ಯಾಕಪ್ ತೆರೆದು, ಈಗಿನ ಕಡತದೊಂದಿಗೆ ಸಾಲು ಸಾಲಾಗಿ ಹೋಲಿಸಿದೆ. ಯಾವ ಸಂಗತಿಗೆ ಮೂಲವನ್ನು ಬರೆದಿಟ್ಟಿದ್ದೆನೋ ಅದು ತಾನಾಗಿಯೇ ತನ್ನ ಜಾಗಕ್ಕೆ ಹೋಯಿತು. ಕರಾರು ಪತ್ರ ಮತ್ತು ಒಂದು ಕಾಗದ 48ಕ್ಕೆ ಸೇರಿದವು. ಮೂಲ ಬರೆಯದೆ ಬಿಟ್ಟಿದ್ದ ಏಳು ಸಂಗತಿಗಳು ಮಾತ್ರ ಯಾರವೆಂದು ಹೇಳಲು ಬರುತ್ತಿಲ್ಲ. ಮೊದಲ ವರ್ಷದ ಉತ್ಸಾಹದಲ್ಲಿ, ನೆನಪಿರುತ್ತದೆ ಎಂದುಕೊಂಡು ಬರೆದವು ಅವು. ಅಳಿಸಲು ಮನಸ್ಸಾಗದೆ ಅವಕ್ಕೆ 'ಮೂಲವಿಲ್ಲ' ಎಂಬ ಗುರುತು ಹಾಕಿ ಪಕ್ಕಕ್ಕೆ ಇಟ್ಟಿದ್ದೇನೆ.

ಇನ್ನು 13ರ ವಿಷಯ. ಕುಟುಂಬದ ಅತ್ಯಂತ ಹಳೆಯ ಗುಂಪು ಚಿತ್ರವೊಂದು ನನ್ನ ಬಳಿ ಇದೆ. ಅದರ ಹಿಂಬದಿಯಲ್ಲಿ ಶಾಯಿಯಲ್ಲಿ ನಾಲ್ವರು ಗಂಡಸರ ಹೆಸರುಗಳಿವೆ, ಆಮೇಲೆ 'ಮತ್ತು ಹೆಂಗಸರು' ಎಂದಷ್ಟೇ ಇದೆ. ಆ ಎರಡು ಪದಗಳನ್ನು ಎಷ್ಟು ಸಲ ಓದಿದ್ದೇನೋ, ಪ್ರತಿ ಸಲವೂ ಸಂಕಟವಾಗಿದೆ. ಚಿತ್ರವನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿ, ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಿ, ಒಬ್ಬೊಬ್ಬರನ್ನೂ ದೊಡ್ಡದಾಗಿ ಮುದ್ರಿಸಿಕೊಂಡು ದೊಡ್ಡಮ್ಮನ ಬಳಿಗೆ ಹೋದೆ.

ಹಿಂದೆ ಎರಡು ಸಲ ಅವರನ್ನು 'ನಿಮ್ಮ ಅಜ್ಜಿಯ ಹೆಸರೇನು?' ಎಂದು ನೇರವಾಗಿ ಕೇಳಿದ್ದೆ. 'ಅಜ್ಜಿ ಅಂದರೆ ಅಜ್ಜಿ, ಹೆಸರು ಹಿಡಿದು ಯಾರು ಕರೆಯುತ್ತಿದ್ದರು' ಎಂದಿದ್ದರು. ಈ ಸಲ ಪ್ರಶ್ನೆ ಕೇಳದೆ ಚಿತ್ರಗಳನ್ನು ಒಂದೊಂದಾಗಿ ಕೈಗಿಟ್ಟೆ, ಧ್ವನಿಮುದ್ರಣ ನಡೆಯುತ್ತಿತ್ತು. ಮೂರನೆಯ ಚಿತ್ರದಲ್ಲಿ ಅವರ ಗಮನ ಹೋದದ್ದು ಮುಖದ ಕಡೆಗಲ್ಲ. ಕುರ್ಚಿಯ ಹಿಂಬದಿಯ ಮೇಲಿದ್ದ ಎಡಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು. 'ಈ ಬೆರಳು ಅಜ್ಜಿಯದು' ಎಂದರು. ತಲೆ ಬಾಚುವಾಗ ಆ ಬೆರಳು ಕಿವಿಗೆ ತಾಗುತ್ತಿತ್ತಂತೆ. ಅಲ್ಲಿಂದ ಮಾತು ಅಜ್ಜಿಯ ಅಣ್ಣನ ಕಡೆಗೆ ಹೊರಳಿತು. ಆತ ಬಂದಾಗ ಬಾಗಿಲಲ್ಲೇ ನಿಂತು ತಂಗಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರಂತೆ. ಹಾಗೆ ಕೂಗುತ್ತಿದ್ದುದನ್ನು ದೊಡ್ಡಮ್ಮ ಅನುಕರಿಸಿ ತೋರಿಸಿದರು. ಆ ಕೂಗಿನಲ್ಲಿ ಹೆಸರಿತ್ತು! ಅವರಿಗೇ ಅದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದು ಅಣ್ಣ ಕರೆಯುತ್ತಿದ್ದ ಹೆಸರು; ಕಾಗದದ ಮೇಲೆ ಬೇರೆ ಇದ್ದಿರಬಹುದು. ಆದ್ದರಿಂದ 'ಕರೆಯುವ ಹೆಸರು' ಎಂದೇ ದಾಖಲಿಸಿ, ಮೂಲದ ಜಾಗದಲ್ಲಿ ದೊಡ್ಡಮ್ಮನ ಧ್ವನಿಮುದ್ರಣವನ್ನು ನಿಮಿಷ ಸೆಕೆಂಡು ಸಮೇತ ನಮೂದಿಸಿದ್ದೇನೆ. ವಿಶ್ವಾಸಾರ್ಹತೆಯ ಮಟ್ಟ ಸದ್ಯಕ್ಕೆ 'ಸಾಧಾರಣ'. ಮೂಲ ಚಿತ್ರದ ಹಿಂಬದಿಯನ್ನು ಮುಟ್ಟಿಲ್ಲ. ಅದನ್ನು ಇಟ್ಟಿರುವ ಆಮ್ಲರಹಿತ ಕಾಗದದ ಲಕೋಟೆಯ ಮೇಲೆ, ಚಿತ್ರ ಹೊರಗಿದ್ದಾಗ, ಮೃದು ಪೆನ್ಸಿಲ್‌ನಲ್ಲಿ ಎಡದಿಂದ ಮೂರನೆಯವರು ಎಂದು ಬರೆದು ಆಕೆಯ ಹೆಸರನ್ನು ಸೇರಿಸಿದೆ.

13ಕ್ಕೆ ಅಣ್ಣನೊಬ್ಬ ಇದ್ದ ಎಂಬುದು ಇಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳು ಅವರ ಮಕ್ಕಳು ಮೊಮ್ಮಕ್ಕಳನ್ನು ಹುಡುಕುವ ಕೆಲಸ. ಸಿಕ್ಕರೆ 26 ಮತ್ತು 27ರ, ಅಂದರೆ 13ರ ತಂದೆ ತಾಯಿಯರ, ಬಗ್ಗೆ ಕೇಳಬೇಕು, ಅದರಲ್ಲೂ 27ರ ಬಗ್ಗೆ. ಚಿತ್ರದ ಒಂದು ಪ್ರತಿಯನ್ನು ಅವರಿಗೆಂದು ಈಗಲೇ ಮುದ್ರಿಸಿ ಇಟ್ಟಿದ್ದೇನೆ.