ಬಾಲದ ಟ್ಯಾಂಕಿನ ಅಡ್ಡಗೋಡೆಗಳು ಕೊನೆಗೂ ಕೆಲಸ ಮಾಡಿದವು

ಬಾಲದ ಟ್ಯಾಂಕ್ ಅರ್ಧ ತುಂಬಿದ್ದಾಗ ನಾನು ಕಟ್ಟುತ್ತಿರುವ ವಿಮಾನದ ಮಾದರಿಯ ಮೂಗು ತಾನಾಗಿಯೇ ಮೇಲೇಳುತ್ತಿದ್ದ ತೊಂದರೆ ಈ ವಾರ ನೀಗಿತು. ಚೌಕಟ್ಟು, ಆಸರೆಕೀಲು, ವೈರಿಂಗ್‌ಗಳ ವಿವರ ಬಿಟ್ಟು ಟ್ಯಾಂಕಿನ ವಿಷಯಕ್ಕೇ ಬರುತ್ತೇನೆ.

ನಾನು ಅನುಸರಿಸುತ್ತಿರುವುದು ಏರ್‌ಬಸ್ ಎ330ರ ಕ್ರಮವನ್ನು. ವಿಮಾನ ಎತ್ತರಕ್ಕೇರಿದ ಮೇಲೆ ಅದರ ಕಂಪ್ಯೂಟರು ಬಾಲದ ಅಡ್ಡರೆಕ್ಕೆಯೊಳಗಿನ ಟ್ರಿಮ್ ಟ್ಯಾಂಕಿಗೆ ಇಂಧನ ಕಳುಹಿಸಿ ಗುರುತ್ವಕೇಂದ್ರವನ್ನು ಹಿಂದಕ್ಕೆ ಸರಿಸುತ್ತದೆ. ಆಗ ಬಾಲವು ಕೆಳಮುಖವಾಗಿ ಒತ್ತಬೇಕಾದ ಬಲ ತಗ್ಗಿ, ಗಾಳಿಯ ಎಳೆತವೂ ಕಡಿಮೆಯಾಗುತ್ತದೆ. ಶಬ್ದವೇಗ ದಾಟುವಾಗ ಎತ್ತುಬಲದ ಕೇಂದ್ರವೇ ಹಿಂದಕ್ಕೆ ಸರಿಯುತ್ತಿದ್ದ ಕಾಂಕಾರ್ಡ್ ಪ್ರಯಾಣಿಕ ವಿಮಾನದಲ್ಲಂತೂ ಸುಮಾರು 20 ಟನ್ ಇಂಧನವನ್ನು ಹಿಂದಕ್ಕೆ ಪಂಪು ಮಾಡಲೇಬೇಕಾಗಿತ್ತು.

ನನ್ನ ಮಾದರಿಯಲ್ಲಿ ಇಂಧನದ ಬದಲು ನೀರು. ಮೂಗು ತುಸು ಮೇಲೆದ್ದರೆ ಸಾಕು, ನೀರೆಲ್ಲ ಟ್ಯಾಂಕಿನ ಹಿಂತುದಿಗೆ ಹರಿದು, ಬಾಲ ಇನ್ನಷ್ಟು ಭಾರವಾಗಿ, ಮೂಗು ಮತ್ತಷ್ಟು ಏರುತ್ತಿತ್ತು. ಆಯತಾಕಾರದ ಟ್ಯಾಂಕನ್ನು ಉದ್ದದಲ್ಲಿ ಮೂರು ಸಮಭಾಗ ಮಾಡಿದರೆ, ಭಾಗಗಳ ನಡುವೆ ಹರಿವು ಇಲ್ಲದಿದ್ದಾಗ, ಈ ಪರಿಣಾಮ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಪೂರ್ತಿ ಮುಚ್ಚಿದ ಗೋಡೆಯಿಟ್ಟರೆ ಪಂಪಿಗೆ ನೀರು ಬರುವುದಾದರೂ ಹೇಗೆ? ಹೀಗಾಗಿ ಪ್ರತಿ ಗೋಡೆಯ ತಳದಲ್ಲಿ ರಂಧ್ರ ಕೊರೆದು, ಸೈಕಲ್ ಟ್ಯೂಬಿನ ರಬ್ಬರಿನಿಂದ ಒಮ್ಮುಖ ಕವಾಟ ಮಾಡಿದೆ. ಅದು ಮುಂದಕ್ಕೆ ಮಾತ್ರ ತೆರೆಯುತ್ತದೆ. ನೀರು ಎಳೆಯುವ ಕೊಳವೆ ಮುಂತುದಿಯಲ್ಲಿದೆ. ತುಂಬುವ ಕೊಳವೆ ಹಿಂತುದಿಯಲ್ಲೇ ಇರಬೇಕು, ಇಲ್ಲವಾದರೆ ಹಿಂದಿನ ಎರಡು ಕೋಣೆಗಳು ಖಾಲಿಯೇ ಉಳಿಯುತ್ತವೆ. ಗಾಳಿ ಓಡಾಡಲು ಗೋಡೆಗಳ ಮೇಲಂಚಿನಲ್ಲಿ ಸಣ್ಣ ಕಚ್ಚು ಬೇಕೇ ಬೇಕು. ನಿಜವಾದ ವಿಮಾನಗಳ ರೆಕ್ಕೆಯ ಟ್ಯಾಂಕುಗಳಲ್ಲಿಯೂ ಇಂಧನ ತುದಿಗೆ ಹರಿಯದಂತೆ ಇಂಥದೇ ಕವಾಟಗಳಿರುತ್ತವೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಬಳ್ಳಾರಿಯ ಬೇಸಿಗೆಯಲ್ಲಿ ಅಕ್ರಿಲಿಕ್ ಅಂಟು ಕುಂಚದಲ್ಲೇ ಒಣಗುವುದರಿಂದ ಅಂಟಿಸುವ ಕೆಲಸವನ್ನೆಲ್ಲ ರಾತ್ರಿ ಮಾಡಿದೆ. ಎರಡು ದಿಕ್ಕಿಗೂ ತಿರುಗುತ್ತದೆಂದು ಹೇಳಿ ಅಂಗಡಿಯವರು ಕಳುಹಿಸಿದ 12 ವೋಲ್ಟಿನ ಪಂಪು ಒಂದೇ ದಿಕ್ಕಿನದು; ಮರಳಿಸುವುದಾಗಿ ಬರೆದರೆ ಉತ್ತರವಿಲ್ಲ. ಹೀಗೆ ಗ್ರಾಹಕರನ್ನು ಅಲೆಸುವುದು ಅನ್ಯಾಯ. ಸದ್ಯಕ್ಕೆ ಹೋಗಲು ಒಂದು, ಬರಲು ಒಂದು ಎಂದು ಎರಡು ಪಂಪು ಹಾಕಿದ್ದೇನೆ.

ಮುಂದಿನ ಕೆಲಸ ರೆಕ್ಕೆಗಳದು. ರೆಕ್ಕೆಯ ತುದಿಯ ಕಡೆಗಿರುವ ಇಂಧನದ ತೂಕ ಎತ್ತುಬಲಕ್ಕೆ ಎದುರಾಗಿ ನಿಂತು ಬುಡದಲ್ಲಿನ ಬಾಗುವಿಕೆಯನ್ನು ತಗ್ಗಿಸುತ್ತದೆ. ಅದಕ್ಕೇ ಎ330 ಹೊರಟ್ಯಾಂಕಿನ ಇಂಧನವನ್ನು ಕೊನೆಗೆ ಬಳಸುತ್ತದೆ. ಇದನ್ನು ಬಿದಿರಿನ ರೆಕ್ಕೆಯಲ್ಲಿ ಅಳೆದು ನೋಡಬೇಕೆಂದಿದ್ದೇನೆ. ಅದಕ್ಕೂ ಮೊದಲು ಮೂಗು ಕೆಳಗಾದಾಗಿನ ಹರಿವನ್ನು ಹತೋಟಿಗೆ ತರಬೇಕು, ಏಕೆಂದರೆ ಆ ದಿಕ್ಕಿಗೆ ಈ ಕವಾಟಗಳು ತೆರೆದೇ ಇರುತ್ತವೆ. ರಂಧ್ರಗಳನ್ನು ಕಿರಿದುಗೊಳಿಸಿ ಪರೀಕ್ಷೆ ಶುರುಮಾಡಿದ್ದೇನೆ.