ಚಕ್ರ ನಿಂತ ಮೇಲಿನ ಬಿಸಿ

ಕಳೆದ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಎರಡೂವರೆ ವರ್ಷದ ನನ್ನ ಮಗಳು ವ್ಯಾಯಾಮದ ಸೈಕಲ್ ಟ್ರೈನರನ್ನು ಮುಟ್ಟಿ ಬಲಗೈಯ ಮೂರು ಬೆರಳುಗಳನ್ನು ಸುಟ್ಟುಕೊಂಡಳು. ಮಕ್ಕಳಿರುವ ಮನೆಯಲ್ಲಿ ಈ ಯಂತ್ರವನ್ನು ಇಟ್ಟುಕೊಂಡವರಿಗೆ ಉಪಯೋಗವಾಗಲೆಂದು ಅಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮಗು ಹುಟ್ಟುವ ಮೊದಲು ನಾನು ವಾರಕ್ಕೆ ಎರಡು ಸಲ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿ ಬರುತ್ತಿದ್ದೆ. ಬಾಣಂತನ ಮುಗಿದು, ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ಕೆಲಸಕ್ಕೆ ಮರಳಿದ ಮೇಲೆ ಅಷ್ಟು ಹೊತ್ತು ಹೊರಗಿರುವುದು ಸಾಧ್ಯವಾಗಲಿಲ್ಲ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಟ್ರೈನರ್ ತಂದೆವು. ಸೈಕಲ್ಲಿನ ಹಿಂದಿನ ಅಚ್ಚನ್ನು ಅದರ ಉಕ್ಕಿನ ಚೌಕಟ್ಟಿಗೆ ಬಿಗಿದರೆ ಹಿಂಚಕ್ರ ನೆಲದಿಂದ ಒಂದೆರಡು ಅಂಗುಲ ಮೇಲೆ ನಿಲ್ಲುತ್ತದೆ, ಮತ್ತು ಟೈರು ಒಂದು ಲೋಹದ ಉರುಳೆಗೆ ಒತ್ತಿಕೊಂಡು ಅದನ್ನು ತಿರುಗಿಸುತ್ತದೆ. ಉರುಳೆಯ ಒಂದು ಬದಿಗೆ ಭಾರವಾದ ಗಾಲಿ, ಇನ್ನೊಂದು ಬದಿಗೆ ಸಿಲಿಕೋನ್ ದ್ರವ ತುಂಬಿದ ಅಲ್ಯೂಮಿನಿಯಂ ಡಬ್ಬಿ. ಡಬ್ಬಿಯೊಳಗಿನ ರೆಕ್ಕೆಗಳು ಆ ದ್ರವವನ್ನು ಕಡೆಯುವುದರಿಂದಲೇ ಪೆಡಲಿಗೆ ಬೆಟ್ಟ ಹತ್ತುವಾಗಿನ ಭಾರ ಬರುತ್ತದೆ. ಡಬ್ಬಿಯ ಹೊರಮೈ ಸುತ್ತಲೂ, ಶಾಖ ಬಿಟ್ಟುಕೊಡಲೆಂದು, ತೆಳುವಾದ ಪಟ್ಟಿಗಳು ಸಾಲಾಗಿ ಎದ್ದಿರುತ್ತವೆ. ಅವು ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ ಇವೆ, ಎಂದರೆ ಕುಳಿತು ಆಡುವ ಮಗುವಿನ ಕೈಗೆ ಸರಿಯಾಗಿ ಸಿಗುವ ಎತ್ತರದಲ್ಲಿ.

ತಿರುಗುವ ಚಕ್ರದ ಭಯ ನಮಗೆ ಮೊದಲಿನಿಂದಲೂ ಇತ್ತು. ಕಡ್ಡಿಗಳ ನಡುವೆ ಅಥವಾ ಚೈನು ಹಲ್ಲುಚಕ್ರದ ಮೇಲೆ ಏರುವ ಜಾಗದಲ್ಲಿ ಎಳೆಯ ಬೆರಳು ಸಿಕ್ಕಿಕೊಂಡರೆ ತುಂಡಾಗಿಯೇ ಹೋಗಬಹುದು. ತುಳಿಯುವವರು ತಕ್ಷಣ ಕಾಲು ನಿಲ್ಲಿಸಿದರೂ ಭಾರದ ಗಾಲಿಯ ವೇಗದಿಂದ ಹಿಂಚಕ್ರ ಇನ್ನೂ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಆದ್ದರಿಂದ ಕೋಣೆಯ ಬಾಗಿಲಿಗೆ ಮಕ್ಕಳ ತಡೆಗೇಟು ಹಾಕಿಸಿದ್ದೆವು, ಮತ್ತು ನಾನು ತುಳಿಯುವಷ್ಟು ಹೊತ್ತು ಅದು ಮುಚ್ಚಿರಬೇಕೆಂದು ನಿಯಮ ಮಾಡಿಕೊಂಡಿದ್ದೆವು. ನಿಯಮವನ್ನು ಒಂದು ದಿನವೂ ಮುರಿದಿರಲಿಲ್ಲ. ಅಂದೂ ಮುರಿಯಲಿಲ್ಲ.

ಆ ಬೆಳಿಗ್ಗೆ ಐದೂವರೆಯಿಂದ ಒಂದು ಗಂಟೆ ತುಳಿದೆ. ಮುಂದಿಟ್ಟ ಫ್ಯಾನಿನ ಗಾಳಿ ಪೂರ್ತಿ ನನ್ನ ಎದೆಗೆ ಬೀಸುತ್ತಿತ್ತು. ಚಕ್ರ ಸಂಪೂರ್ಣ ನಿಂತದ್ದನ್ನು ನೋಡಿ ಇಳಿದು, ಗೇಟು ತೆರೆದು, ಮುಖ ತೊಳೆಯಲು ಬಚ್ಚಲಿಗೆ ಹೋದೆ. ಅಷ್ಟರಲ್ಲಿ ಎದ್ದಿದ್ದ ಮಗಳು ಅಜ್ಜಿಯ ಹಿಂದೆ ಹಿಂದೆ ಬಂದು, ದಿನವೂ ಮಾಡುವಂತೆ ಸೈಕಲ್ಲಿನ ಪಕ್ಕ ಕುಳಿತು ಅದನ್ನು ಸವರಿದಳು. ಅವಳಿಗೆ ಅದು ಕುದುರೆ. ಕಿರುಚಿದ ಸದ್ದು ಕೇಳಿ ನಾನು ಓಡಿ ಬಂದಾಗ ಅವಳು ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಬಿಡಿಸಿ ನೋಡಿದರೆ ತೋರು, ನಡು ಮತ್ತು ಉಂಗುರ ಬೆರಳುಗಳ ಮೇಲೆ ಅಡ್ಡಡ್ಡಲಾಗಿ, ಅಳತೆ ಹಿಡಿದು ಎಳೆದಂತೆ, ಎರಡೆರಡು ಬಿಳಿಚಿದ ಗೆರೆಗಳಿದ್ದವು. ಅವುಗಳ ನಡುವಿನ ಅಂತರ ಡಬ್ಬಿಯ ಪಟ್ಟಿಗಳ ನಡುವಿನ ಅಂತರವೇ ಆಗಿತ್ತು. ನಾನು ನೋಡುತ್ತಿದ್ದಂತೆಯೇ ಗೆರೆಗಳ ಸುತ್ತ ಕೆಂಪು ಏರಿತು.

ಅತ್ತೆ ಗಾಬರಿಯಲ್ಲಿ ಟೂತ್‌ಪೇಸ್ಟ್ ತಂದರು. "ಬೇಡ ಅತ್ತೆ, ಬರೀ ನೀರು ಸಾಕು" ಎಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಡುಗೆಮನೆಯ ನಲ್ಲಿಯ ಕೆಳಗೆ ಅವಳ ಕೈ ಹಿಡಿದೆ. "ಉರಿ ಎಳೆಯುತ್ತೆ ಕಣಮ್ಮ, ನಾವೆಲ್ಲ ಅದನ್ನೇ ಹಚ್ಚುತ್ತಿದ್ದದ್ದು" ಎಂದರು. ಅವರದು ತಪ್ಪಲ್ಲ, ಎಷ್ಟೋ ಮನೆಗಳಲ್ಲಿ ಇಂದಿಗೂ ಹಚ್ಚುವುದು ಅದನ್ನೇ. ಆದರೆ ಪೇಸ್ಟಾಗಲಿ, ಎಣ್ಣೆಯಾಗಲಿ, ತುಪ್ಪವಾಗಲಿ ಸುಟ್ಟ ಚರ್ಮದಲ್ಲಿ ಉಳಿದ ಶಾಖವನ್ನು ಹೊರಗೆ ಬಿಡುವುದಿಲ್ಲ, ವೈದ್ಯರು ಗಾಯ ನೋಡುವುದಕ್ಕೂ ಅಡ್ಡಿಯಾಗುತ್ತದೆ. ಮಂಜುಗಡ್ಡೆಯೂ ಎಳೆಯ ಚರ್ಮಕ್ಕೆ ಹಾನಿಯೇ. ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಅಳುತ್ತಾ ಒದ್ದಾಡುವ ಮಗುವಿನೊಂದಿಗೆ ಅದು ಬಹಳ ದೀರ್ಘ ಸಮಯ. ಗಡಿಯಾರ ನೋಡದೇ ಹೋಗಿದ್ದರೆ ನಾಲ್ಕೇ ನಿಮಿಷಕ್ಕೆ ಸಾಕೆಂದುಕೊಳ್ಳುತ್ತಿದ್ದೆ. ನಂತರ ಕೈಯನ್ನು ಒಗೆದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋದೆವು.

ಗುಳ್ಳೆ ಎಷ್ಟೇ ಸಣ್ಣದಿರಲಿ, ಮಗುವಿನ ಅಂಗೈ ಅಥವಾ ಬೆರಳು ಸುಟ್ಟರೆ ತೋರಿಸಲೇಬೇಕು ಎಂದರು ಮಕ್ಕಳ ವೈದ್ಯೆ. ಆಳವಾಗಿ ಸುಟ್ಟ ಚರ್ಮ ಮಾಯುವಾಗ ಕುಗ್ಗಿ ಬೆರಳು ನೆಟ್ಟಗಾಗದಂತೆ ಹಿಡಿದುಕೊಳ್ಳಬಹುದಂತೆ. ನಮ್ಮ ಪುಣ್ಯಕ್ಕೆ ಗಾಯ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಎರಡು ವಾರದಲ್ಲಿ ಮಾಯಿತು. ಉಂಗುರ ಬೆರಳಿನ ಮೇಲೆ ಒಂದು ಮಸುಕು ಗೆರೆ ಮಾತ್ರ ಉಳಿದಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಪ್ರತಿವರ್ಷ ತರಗತಿಯಲ್ಲಿ ಹೇಳುವವಳು ನಾನು. ರಸ್ತೆಯಲ್ಲಿ ತುಳಿದ ಶ್ರಮ ಗಾಳಿಯನ್ನು ಸೀಳುವುದಕ್ಕೆ, ಏರು ಹತ್ತುವುದಕ್ಕೆ ಹೋಗುತ್ತದೆ. ಟ್ರೈನರಿನಲ್ಲಿ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ, ಹೆಚ್ಚುಕಡಿಮೆ ಎಲ್ಲವೂ ಆ ಡಬ್ಬಿಯಲ್ಲಿ ಶಾಖವಾಗಬೇಕು. ಸರಾಸರಿ 150 ವ್ಯಾಟ್‌ನಂತೆ ಒಂದು ಗಂಟೆ ತುಳಿದರೆ 540 ಕಿಲೋಜೂಲ್. ಒಂದೂವರೆ ಲೀಟರಿಗೂ ಹೆಚ್ಚು ನಲ್ಲಿನೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಸಾಕು. ದ್ರವದ ಬದಲು ಆಯಸ್ಕಾಂತ ಬಳಸುವ ಟ್ರೈನರ್‌ಗಳಲ್ಲೂ ಲೆಕ್ಕ ಇದೇ. ಅಲ್ಲಿ ಲೋಹದ ತಟ್ಟೆಯಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಶಾಖವಾಗುತ್ತದೆ.

ಮುಂದಿನ ಭಾನುವಾರ ಕಾಲೇಜಿನ ಪ್ರಯೋಗಾಲಯದಿಂದ ತಾಪ ಅಳೆಯುವ ತಂತಿಯಿರುವ ಮಲ್ಟಿಮೀಟರ್ ತಂದು, ಮಗಳನ್ನು ಅವಳ ಅಪ್ಪನ ಜೊತೆ ಹೊರಗೆ ಕಳಿಸಿ, ಅಷ್ಟೇ ಹೊತ್ತು ಅದೇ ವೇಗದಲ್ಲಿ ತುಳಿದೆ. ನಿಲ್ಲಿಸಿದಾಗ ಪಟ್ಟಿಗಳ ಮೇಲೆ 78 ಡಿಗ್ರಿ ಸೆಲ್ಸಿಯಸ್ ಇತ್ತು. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಕೆಲವು ಸೆಕೆಂಡುಗಳಲ್ಲಿ ಸುಡುತ್ತದೆ, ಮಕ್ಕಳ ಚರ್ಮ ಇನ್ನೂ ತೆಳು. ಅದಕ್ಕಿಂತ ಮುಖ್ಯವಾಗಿ, ಇಳಿದ ಎರಡು ನಿಮಿಷಕ್ಕೆ ಅಂಕಿ 81ಕ್ಕೆ ಏರಿತು. ಚಕ್ರ ತಿರುಗುವಾಗ ಎಬ್ಬಿಸುತ್ತಿದ್ದ ಗಾಳಿ ನಿಂತಿತ್ತು, ಒಳಗಿನ ದ್ರವದ ಶಾಖ ಮಾತ್ರ ಹೊರಮೈಗೆ ಬರುತ್ತಲೇ ಇತ್ತು. ಗೇಟು ತೆರೆಯಬಹುದೆಂದು ನಾನು ನಿರ್ಧರಿಸುತ್ತಿದ್ದ ಗಳಿಗೆಯೇ ಆ ಡಬ್ಬಿ ಅತ್ಯಂತ ಬಿಸಿಯಾಗಿರುವ ಗಳಿಗೆ. 45 ಡಿಗ್ರಿಗೆ ಇಳಿಯಲು ಐವತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಮತ್ತೊಂದು ದಿನ ಇಳಿದೊಡನೆ ಫ್ಯಾನನ್ನು ಡಬ್ಬಿಯ ಕಡೆಗೆ ತಿರುಗಿಸಿಟ್ಟು ನೋಡಿದಾಗ ಇಪ್ಪತ್ತು ನಿಮಿಷ ಸಾಕಾಯಿತು.

ಈ ಅಂಕಿಗಳನ್ನು ಹೇಳಿದಾಗ ಅತ್ತೆ, "ದೋಸೆ ಕಾವಲಿ ಇದ್ದ ಹಾಗೆ ಅಲ್ವೇನಮ್ಮ, ಒಲೆ ಆರಿಸಿದ ಮೇಲೂ ಮಗುವನ್ನ ಹತ್ತಿರ ಬಿಡ್ತೀವಾ?" ಎಂದರು. ನನ್ನ ಲೆಕ್ಕಕ್ಕಿಂತ ಅವರ ಮಾತು ಸ್ಪಷ್ಟವಾಗಿತ್ತು.

ಈಗ ಕೋಣೆಗೆ ಎತ್ತರದಲ್ಲಿ ಚಿಲಕ ಹಾಕಿಸಿದ್ದೇವೆ. ತುಳಿದು ಇಳಿದ ಮೇಲೆ ಫ್ಯಾನನ್ನು ಹಿಂದಕ್ಕೆ ತಿರುಗಿಸಿಟ್ಟು ಚಿಲಕ ಹಾಕಿ, ಒಂದು ಗಂಟೆಯ ನಂತರದ ಸಮಯವನ್ನು ಬಾಗಿಲ ಪಕ್ಕದ ಸ್ಲೇಟಿನಲ್ಲಿ ಬರೆಯುತ್ತೇನೆ. ಯಂತ್ರ ತಣ್ಣಗಿರುವಾಗಲೂ ಮಗು ಕೈಯಿಂದ ಪೆಡಲ್ ತಿರುಗಿಸಿದರೆ ಚೈನು ಓಡುತ್ತದೆಯಾದ್ದರಿಂದ, ಹಿಂಚಕ್ರವನ್ನೂ ಪೆಡಲಿನ ತೋಳನ್ನೂ ಚೌಕಟ್ಟಿಗೆ ಬೆಲ್ಟಿನಿಂದ ಬಿಗಿದಿಡುತ್ತೇನೆ. ಸ್ಲೇಟಿನ ಸಮಯ ಕಳೆದರೂ ಅತ್ತೆ ಸುಮ್ಮನೆ ಬಾಗಿಲು ತೆರೆದು ಬಿಡುವುದಿಲ್ಲ. ಮಗುವನ್ನು ಹೊರಗೇ ನಿಲ್ಲಿಸಿ, ತಾವೊಬ್ಬರೇ ಒಳಗೆ ಹೋಗಿ, ಕಾವಲಿ ಕಾದಿದೆಯೇ ಎಂದು ನೋಡುವಂತೆ ಅಂಗೈಯ ಹಿಂಬದಿಯನ್ನು ಆ ಪಟ್ಟಿಗಳ ಹತ್ತಿರ ಒಂದು ಕ್ಷಣ ಹಿಡಿದು ನೋಡುತ್ತಾರೆ.