ಮಾರ್ಚ್ 31ರೊಳಗೆ ಒಣಗದ ಕೆರೆ

ಮಂಡ್ಯ ಎಂದರೆ ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ ಎಂದುಕೊಂಡು ಬರುವ ಕಂಪನಿಯವರಿಗೆ, ಮಳೆಯನ್ನೂ ಕೆರೆಗಳನ್ನೂ ನೆಚ್ಚಿಕೊಂಡಿರುವ ನಾಗಮಂಗಲದ ರಾಗಿ, ಹುರುಳಿ ಹೊಲಗಳನ್ನು ತೋರಿಸುವುದರಿಂದಲೇ ನನ್ನ ಕೆಲಸ ಶುರುವಾಗುತ್ತದೆ. ಕೆರೆಗಳ ಪುನಶ್ಚೇತನಕ್ಕೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ತರುವ ಸಂಸ್ಥೆಯೊಂದರಲ್ಲಿ ನಾನು ಯೋಜನೆಗಳನ್ನು ನೋಡಿಕೊಳ್ಳುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಪರಿಸರ ಸಂರಕ್ಷಣೆಯೂ ಅದರ ಪಟ್ಟಿಯಲ್ಲಿದೆ. ತೊಡಕಿರುವುದು ಕಾಲದಲ್ಲಿ. ಮಂಜೂರಾತಿ ಬಹುಪಾಲು ಜನವರಿಯ ಹೊತ್ತಿಗೆ ಬರುತ್ತದೆ, ಲೆಕ್ಕ ಮಾರ್ಚ್ 31ಕ್ಕೆ ಮುಗಿಯಬೇಕು. ಹಿಂಗಾರು ಚೆನ್ನಾಗಿ ಸುರಿದ ವರ್ಷ ಕೆರೆಯಂಗಳ ಜೆಸಿಬಿ ಇಳಿಯುವಷ್ಟು ಒಣಗುವುದೇ ಏಪ್ರಿಲ್‌ನಲ್ಲಿ, ಮೇ ತಿಂಗಳಿಗೆ ಮತ್ತೆ ಮಳೆ. ಆದ್ದರಿಂದ ಕೆಲಸವನ್ನು ಮೊದಲ ವರ್ಷವೇ 'ಮುಂದುವರಿಯುವ ಯೋಜನೆ' ಎಂದು ಆಡಳಿತ ಮಂಡಳಿಯಲ್ಲಿ ಅಂಗೀಕರಿಸುವಂತೆ ನಾವು ಪಟ್ಟು ಹಿಡಿಯುತ್ತೇವೆ. ಹಾಗೆ ಮಾಡಿದರೆ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಇಲ್ಲವಾದರೆ ಅದು ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಹೋಗುತ್ತದೆ.

ಇನ್ನೊಂದು ಪಾಠ ಊರಿನವರಿಂದ ಬಂದದ್ದು. ಏರಿಯ ಮೇಲೆ ನಿಂತು ಹೂಳಿನ ಅಳತೆ ಹಾಕುತ್ತಿದ್ದಾಗ ಹಿರಿಯ ರೈತರೊಬ್ಬರು, "ಗೋಡು (ಹೂಳು) ತಗ್ದು ಏನ್ ಮಾಡೀರಿ ಸಾ, ನೀರು ಬರೋ ಹಳ್ಳಾನೇ ಮುಚ್ಚೋಗದೆ" ಎಂದರು. ಅವರ ಹಿಂದೆ ನಡೆದು ನೋಡಿದರೆ ಪೂರಕ ಕಾಲುವೆ ಲಂಟಾನದ ಪೊದೆಯಲ್ಲಿ ಮರೆಯಾಗಿತ್ತು, ಒಂದೆಡೆ ಅದರ ಮೇಲೆಯೇ ತೆಂಗಿನ ಸಸಿಗಳೆದ್ದಿದ್ದವು. ಅಂದಿನಿಂದ ನಮ್ಮ ಅಂದಾಜುಪಟ್ಟಿಯಲ್ಲಿ ಕಾಲುವೆ, ತೂಬು (ಕೆರೆಯ ನೀರನ್ನು ಹೊಲಗಳಿಗೆ ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹರಿಯುವ ಜಾಗ) ಮೊದಲು ಬರುತ್ತವೆ, ಹೂಳು ಆಮೇಲೆ. ಇದನ್ನು ದಾನಿಗಳಿಗೆ ಒಪ್ಪಿಸುವುದು ಸುಲಭವಲ್ಲ, ಏಕೆಂದರೆ ಹೂಳೆತ್ತುವ ಯಂತ್ರ ಫೋಟೋದಲ್ಲಿ ಕಾಣುವಷ್ಟು ಚೆಂದವಾಗಿ ತೂಬಿನ ದುರಸ್ತಿ ಕಾಣುವುದಿಲ್ಲ. (ನಾಮಫಲಕದ ಬಣ್ಣದ ಬಗ್ಗೆ ಬಂದಷ್ಟು ಇಮೇಲ್‌ಗಳು ತೂಬಿನ ಬಗ್ಗೆ ನನಗಂತೂ ಬಂದಿಲ್ಲ.)

ಯಂತ್ರದ ಬಾಡಿಗೆ ದಾನಿಯದು, ಗೋಡನ್ನು ಹೊಲಕ್ಕೆ ಸಾಗಿಸುವ ಟ್ರ್ಯಾಕ್ಟರ್ ಖರ್ಚು ರೈತರದು ಎಂಬ ಒಪ್ಪಂದ ನಮ್ಮಲ್ಲಿ ಚೆನ್ನಾಗಿ ನಡೆದಿದೆ. ಪ್ರತಿ ಲೋಡಿಗೆ ಇಷ್ಟೆಂದು ರೈತರು ಕೊಡುವ ಹಣ ಕೆರೆ ಬಳಕೆದಾರರ ಸಂಘದ ಖಾತೆಗೆ ಸೇರುತ್ತದೆ, ಮುಂದೆ ಕೋಡಿ ಕಿತ್ತರೆ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ತೂಬು ತೆರೆದು ಮುಚ್ಚಿ ಹೊಲಗಳಿಗೆ ನೀರು ಹಂಚುವ ನೀರಗಂಟಿಯ ಗೌರವಧನದ ವಿಷಯದಲ್ಲಿ ಮಾತ್ರ ಇಂದಿಗೂ ಜಗ್ಗಾಟವಿದೆ. ಆಡಳಿತ ವೆಚ್ಚ ಶೇ 5ನ್ನು ಮೀರಬಾರದೆಂಬ ನಿಯಮ ತೋರಿಸಿ ಕಂಪನಿಯವರು ಅದನ್ನು ಹೊಡೆದುಹಾಕುತ್ತಾರೆ. ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವ್ಯವಹಾರದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಸಂಬಂಧಿಸಿದ್ದು. ನಿರ್ದಿಷ್ಟ ಯೋಜನೆಯ ಅನುಷ್ಠಾನ, ಮೇಲ್ವಿಚಾರಣೆಗೆ ನೇರವಾಗಿ ತಗಲುವ ಖರ್ಚನ್ನು ನಿಯಮವೇ ಅದರಿಂದ ಹೊರಗಿಟ್ಟಿದೆ. ಈಗ ಪ್ರಸ್ತಾವನೆಯಲ್ಲಿ ನೀರಗಂಟಿಯ ಗೌರವಧನವನ್ನು 'ಸಿಬ್ಬಂದಿ' ಎಂಬ ತಲೆಬರಹದಡಿ ಹಾಕದೆ, ತೂಬಿನ ನಿರ್ವಹಣೆಯ ಸಾಲಿನಲ್ಲೇ ನಿಯಮದ ಪ್ರತಿಯೊಂದಿಗೆ ಬರೆದು ಕಳಿಸುತ್ತಿದ್ದೇವೆ.